ತುಮಕೂರಿನಲ್ಲಿ ಮನೆ, ಕಟ್ಟಡಗಳಿಗೆ ಕರೆಂಟ್ ಉಳಿಸುವ ನಿಯಮ ಬಿಗಿ ಮಾಡಿದರೆ ಖರ್ಚು ಸುಮ್ನೆ ಜಾಸ್ತಿ ಆಗಲ್ವಾ?

ಖರ್ಚು ಏರುತ್ತೆ, ನಿಜ. ಸುಮ್ನೆಯೋ ಅಲ್ವೋ ಅನ್ನೋದು ಕಟ್ಟಡದ ಮೇಲಿದೆ. 2017ರ ಇಸಿಬಿಸಿ, ಅಂದರೆ ಕಟ್ಟಡಗಳಲ್ಲಿ ಕರೆಂಟ್ ಉಳಿಸುವ ಕೇಂದ್ರದ ನಿಯಮ, 100 ಕಿಲೋವ್ಯಾಟ್ ಅಥವಾ ಹೆಚ್ಚು ಲೋಡ್ ಇರುವ ವಾಣಿಜ್ಯ ಕಟ್ಟಡಗಳಿಗೆ. ದಿನವಿಡೀ ಎಸಿ ಓಡುವ ಆಸ್ಪತ್ರೆ, ಮಾಲ್‌ಗಳಲ್ಲಿ ಒಳ್ಳೆಯ ಗಾಜು, ಇನ್ಸುಲೇಷನ್‌ಗೆ (ಶಾಖ ತಡೆಯುವ ಪದರ) ಹಾಕಿದ ದುಡ್ಡು ಕರೆಂಟ್ ಬಿಲ್ಲಿನಲ್ಲೇ ವಾಪಸ್ ಬರುತ್ತದೆ.

ಮನೆಯ ಲೆಕ್ಕ ಬೇರೆ. ನಮ್ಮೂರಲ್ಲಿ ಸೆಕೆ ಜೋರಾಗಿರುವುದು ಮಾರ್ಚ್‌ನಿಂದ ಮೇವರೆಗೆ. ಎಷ್ಟೋ ಮನೆಗಳಲ್ಲಿ ಬರೀ ಫ್ಯಾನು. ಎಸಿಯೇ ಇಲ್ಲದ ಮೇಲೆ ದುಬಾರಿ ಡಬಲ್ ಗಾಜು ಹಾಕಿ ಉಳಿಸುವುದೇನು? ಬಾಡಿಗೆ ಮನೆಯಲ್ಲಂತೂ ಖರ್ಚು ಮಾಲೀಕರದು, ಉಳಿತಾಯ ಬಾಡಿಗೆಯವರದು. ತಾವಾಗಿ ಯಾರು ಮಾಡಿಸ್ತಾರೆ ಹೇಳಿ? ನಿಯಮ ಬೇಕಿರುವುದು ಇಲ್ಲಿ. ಆರ್‌ಸಿಸಿ ತಾರಸಿಗೆ ಬಿಳಿ ಬಣ್ಣ, ಪಶ್ಚಿಮದ ಕಿಟಕಿಗೆ ಅಗಲವಾದ ಸಜ್ಜಾ, ಗಾಳಿ ಆಡುವ ಕಿಟಕಿ: ಇಷ್ಟು ಕಡ್ಡಾಯ ಮಾಡಿದರೂ ಮೇಲಿನ ಮಹಡಿಯವರಿಗೆ ಬೇಸಿಗೆಯಲ್ಲಿ ನಿದ್ದೆ ಬರುತ್ತದೆ.