ಸಾರಿನ ಪುಡಿ ಆಗಬಹುದು, ಚಕ್ಕುಲಿ ಬೇಡ

ಮಂಗಳೂರಿನ ಬಿಜೈಯಿಂದ ನೀನು ಬರೆದದ್ದು ಓದಿದೆ. ಗಂಡನಿಗೆ ಇಂಗ್ಲೆಂಡಿನ ಸ್ಕಿಲ್ಡ್ ವರ್ಕರ್ ವೀಸಾ ಆಗಿದೆ, ಮುಂದಿನ ತಿಂಗಳು ನೀನೂ ಎರಡೂವರೆ ವರ್ಷದ ಮಗಳೂ ಹೊರಡುತ್ತೀರಿ. ಮನೆಯಲ್ಲೇ ಚಕ್ಕುಲಿ, ಸಾರಿನ ಪುಡಿ, ಚಟ್ನಿ ಪುಡಿ ಮಾಡಿ ಮಾರುತ್ತಿದ್ದೀ. 'ಅಕ್ಕಾ, ಅಲ್ಲಿಯೂ ಇದನ್ನು ಮಾಡಬಹುದಾ? ಮಗುವನ್ನು ನೋಡಿಕೊಂಡು ಆಗ್ತದಾ?' ಅಂತ ಕೇಳಿದ್ದೀ. ನಾನು ಈಗ ಇಂಗ್ಲೆಂಡಿನಿಂದ ರಜೆಗೆ ಉಡುಪಿಗೆ ಬಂದಿದ್ದೇನೆ, ಪುರುಸೊತ್ತಿದೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲನೆಯ ಪ್ರಶ್ನೆ ಸುಲಭದ್ದು. ಮಾಡಬಹುದು. ಡಿಪೆಂಡೆಂಟ್ ವೀಸಾದಲ್ಲಿ, ಅಂದರೆ ಗಂಡನ ವೀಸಾದ ಆಧಾರದಲ್ಲಿ, ಬರುವ ಹೆಂಡತಿ ಸ್ವಂತ ವ್ಯಾಪಾರ ಮಾಡಲು ಅಡ್ಡಿಯಿಲ್ಲ. ವೃತ್ತಿಪರ ಆಟಗಾರ್ತಿ ಅಥವಾ ಕೋಚ್ ಮಾತ್ರ ಆಗುವ ಹಾಗಿಲ್ಲ, ಆ ಆಸೆ ನಿನಗಿಲ್ಲ ಅಲ್ವಾ! ಆದರೆ ಎಲ್ಲ ನಿನ್ನ ಹೆಸರಲ್ಲೇ ಇರಲಿ. ನಿನ್ನ ಗಂಡನ ವೀಸಾಕ್ಕೆ ಸ್ವಂತ ವ್ಯಾಪಾರದ ವಿಷಯದಲ್ಲಿ ಕಟ್ಟುನಿಟ್ಟು ಜಾಸ್ತಿ. ಮಾರಲು ಶುರು ಮಾಡುವ 28 ದಿನ ಮೊದಲು ಅಲ್ಲಿ ನೀವಿರುವ ಊರಿನ ಕೌನ್ಸಿಲ್‌ನಲ್ಲಿ, ಅಂದರೆ ಸ್ಥಳೀಯ ಆಡಳಿತದಲ್ಲಿ, ನೋಂದಣಿ ಮಾಡಿಸಬೇಕು. ಅದಕ್ಕೆ ದುಡ್ಡಿಲ್ಲ. ಆಮೇಲೆ ಅಧಿಕಾರಿ ಬಂದು ಅಡುಗೆಮನೆ ನೋಡಿ 0ರಿಂದ 5ರವರೆಗೆ ಸ್ವಚ್ಛತೆಯ ಅಂಕ ಕೊಡುತ್ತಾರೆ. ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಶುರು. ಒಂದು ವರ್ಷದ ಒಟ್ಟು ಮಾರಾಟ 1,000 ಪೌಂಡ್ ದಾಟಿದರೆ ಆ ತೆರಿಗೆ ವರ್ಷ ಮುಗಿದ ಮೇಲೆ ಬರುವ ಅಕ್ಟೋಬರ್ 5ರ ಒಳಗೆ ತೆರಿಗೆ ಇಲಾಖೆಗೆ ಹೆಸರು ಕೊಡಬೇಕು. ಗಮನಿಸು, ಅದು ಲಾಭದ ಲೆಕ್ಕ ಅಲ್ಲ, ಮಾರಾಟದ ಲೆಕ್ಕ.

ಎರಡನೆಯ ಪ್ರಶ್ನೆಯೇ ಕಷ್ಟದ್ದು ಮಾರಾಯ್ತಿ.

ಬಿಜೈಯಲ್ಲಿ ಈ ವ್ಯಾಪಾರ ನೀನೊಬ್ಬಳೇ ನಡೆಸುತ್ತಿಲ್ಲ. ಎಣ್ಣೆ ಕಾಯುವಾಗ ಮಗಳನ್ನು ಎತ್ತಿಕೊಂಡು ಹಿತ್ತಿಲಿಗೆ ಹೋಗಲು ಅತ್ತೆ ಇದ್ದಾರೆ. ಪಾತ್ರೆಗೆ ಕೆಲಸದವರು ಬರುತ್ತಾರೆ. ಅಂಗಡಿಗೆ ಓಡುವಾಗ ಪಕ್ಕದ ಮನೆಯವರು ಅರ್ಧ ಗಂಟೆ ನೋಡಿಕೊಳ್ಳುತ್ತಾರೆ. ಅತ್ತೆಗೂ ಪಕ್ಕದ ಮನೆಯವರಿಗೂ ನೀನು ಸಂಬಳ ಲೆಕ್ಕ ಹಾಕಿಲ್ಲ, ಅದಕ್ಕೇ ಚಕ್ಕುಲಿಯಲ್ಲಿ ಅಷ್ಟು ಲಾಭ ಕಾಣುವುದು. ಅಲ್ಲಿ ಬೆಳಿಗ್ಗೆ ಗಂಡ ಹೊರಟರೆ ಸಂಜೆಯವರೆಗೆ ನೀನು, ಮಗಳು, ನಾಲ್ಕು ಗೋಡೆ. ಅಜ್ಜಿ ವಿಡಿಯೋ ಕಾಲ್‌ನಲ್ಲಿ ಆಡಿಸುತ್ತಾರೆ ನಿಜ. ಆದರೆ ಮಗು ಸೋಫಾ ಹತ್ತಿ ನಿಂತರೆ ಅವರು ಅಲ್ಲಿಂದ ಕೂಗಬಹುದು ಅಷ್ಟೇ.

ಹಾಗಾಗಿ ಅಲ್ಲಿ ಯಾವುದು ಚೆನ್ನಾಗಿ ಹೋಗುತ್ತದೆ ಅಂತ ಕೇಳುವ ಮೊದಲು, ಯಾವ ಕೆಲಸವನ್ನು ಅರ್ಧದಲ್ಲಿ ಬಿಟ್ಟು ಏಳಬಹುದು ಅಂತ ನೋಡು. ಚಕ್ಕುಲಿ ಹಾಗೆ ಬಿಡುವ ಕೆಲಸವಲ್ಲ. ಹಿಟ್ಟು ಕಲಸಿಟ್ಟರೆ ಒಣಗುತ್ತದೆ, ಒತ್ತುವಾಗ ತುಂಡಾಗುತ್ತದೆ. ಬಾಣಲೆಯಲ್ಲಿ ಅರ್ಧ ಬೆಂದಿರುವಾಗ ಬಚ್ಚಲಿನಿಂದ 'ಅಮ್ಮಾ' ಅಂತ ಕೇಳಿದರೆ ಗ್ಯಾಸ್ ಆರಿಸಿ ಓಡುತ್ತೀ, ಬರುವಷ್ಟರಲ್ಲಿ ಎಲ್ಲ ಎಣ್ಣೆ ಕುಡಿದು ಕೂತಿರುತ್ತದೆ. ಕಾದ ಎಣ್ಣೆ ಇರುವ ಮನೆಯಲ್ಲಿ ಓಡಾಡುವ ಮಗು ಬೇರೆ. ಸಾರಿನ ಪುಡಿ ಹಾಗಲ್ಲ. ಕೊತ್ತಂಬರಿ ಹುರಿದೆ, ಒಲೆ ಆರಿಸಿದೆ, ಎದ್ದೆ. ಜೀರಿಗೆ, ಮೆಂತೆ, ಬ್ಯಾಡಗಿ ಮೆಣಸು ಎಲ್ಲ ಬೇರೆ ಬೇರೆಯೇ ಹುರಿಯುವುದು, ನಡುವೆ ಎಷ್ಟು ಹೊತ್ತು ಬಿಟ್ಟರೂ ಏನೂ ಆಗುವುದಿಲ್ಲ. ಮೆಣಸನ್ನು ಮಾತ್ರ ತೆಂಗಿನೆಣ್ಣೆ ಸವರಿ ಸಣ್ಣ ಉರಿಯಲ್ಲಿ, ಕಿಟಕಿ ತೆರೆದು ಹುರಿ. ಇಲ್ಲದಿದ್ದರೆ ಹೊಗೆಯ ಅಲಾರಂ ಕಿರುಚಿ ಮಲಗಿದ ಮಗು ಎದ್ದುಬಿಡುತ್ತದೆ. ಮಿಕ್ಸಿ ಶನಿವಾರಕ್ಕಿರಲಿ, ಅಪ್ಪ ಮಗಳು ಪಾರ್ಕಿಗೆ ಹೋಗಲಿ.

ಇನ್ನೊಂದು ಸಂಗತಿ. ಅಲ್ಲಿ ಬಟ್ಟೆ ಒಗೆಯುವ ಮೆಶಿನ್ ಹೆಚ್ಚಿನ ಮನೆಗಳಲ್ಲಿ ಅಡುಗೆಮನೆಯಲ್ಲೇ ಇರುತ್ತದೆ. ಪುಡಿ ಮಾಡುವ ದಿನ ಮಗುವಿನ ಬಟ್ಟೆ ಅದರ ಹತ್ತಿರವೂ ಬರಬಾರದು. ಅಡುಗೆಮನೆ ನೋಡಲು ಬಂದ ಅಧಿಕಾರಿ ಇಂಥದ್ದನ್ನೆಲ್ಲ ಕೇಳುತ್ತಾರೆ.

ಲೇಬಲ್ ಬಗ್ಗೆ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಪೊಟ್ಟಣ ಕಟ್ಟಿ ಮಾರುವುದಾದರೆ ಹಾಕಿದ್ದೆಲ್ಲ ಬರೆಯಬೇಕು. ಅಲ್ಲಿನ ಕಾನೂನಿನಲ್ಲಿ ಅಲರ್ಜಿ ತರುವ 14 ವಸ್ತುಗಳ ಪಟ್ಟಿ ಇದೆ, ಅವು ಎದ್ದು ಕಾಣುವ ಹಾಗಿರಬೇಕು. ಸಾಸಿವೆ, ಎಳ್ಳು, ಶೇಂಗಾ, ಗೋಡಂಬಿ ಎಲ್ಲ ಅದರಲ್ಲಿವೆ. ನಮ್ಮ ತೆಂಗಿನಕಾಯಿ ಇಲ್ಲ, ಬಚಾವ್. ಹಿಂಗಿನ ಡಬ್ಬದ ಹಿಂದೆ ಒಮ್ಮೆ ಓದು. ಅಂಗಡಿಯಲ್ಲಿ ಸಿಗುವ ಪುಡಿ ಹಿಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟು ಸೇರಿಸಿರುತ್ತಾರೆ. ಗೋಧಿಯೂ ಆ ಪಟ್ಟಿಯಲ್ಲಿದೆ. ಚಿಟಿಕೆ ಹಿಂಗಿಗೆ ನಿನ್ನ ಸಾರಿನ ಪುಡಿ ಗೋಧಿಯ ಸಾಮಾನಾಯಿತು, ಬರೆಯಲೇಬೇಕು.

ಇನ್ನು ಮಗಳನ್ನು ಎಲ್ಲಿಗೆ ಕಳಿಸುವುದು? ಇಂಗ್ಲೆಂಡಿನಲ್ಲಿ ಮೂರು ತುಂಬಿದ ಎಲ್ಲ ಮಕ್ಕಳಿಗೂ ವಾರಕ್ಕೆ 15 ಗಂಟೆ ನರ್ಸರಿ ಪುಕ್ಕಟೆ, ವರ್ಷಕ್ಕೆ 38 ವಾರ. ದುಡಿಯುವ ತಂದೆ-ತಾಯಿಗೆ 30 ಗಂಟೆ ಅಂತ ಯಾರಾದರೂ ಹೇಳುತ್ತಾರೆ. ನಿಮ್ಮಿಬ್ಬರ ವೀಸಾದಲ್ಲೂ ಸರ್ಕಾರಿ ನೆರವು ಇಲ್ಲ ಅಂತ ಬರೆದಿರುತ್ತದೆ, ಹಾಗಾಗಿ ಅದು ನಿಮಗೆ ಸಿಗುವುದಿಲ್ಲ. ಮಕ್ಕಳಿರುವವರಿಗೆ ಸರ್ಕಾರ ಕೊಡುವ ಹಣ, ಚೈಲ್ಡ್ ಬೆನಿಫಿಟ್ ಕೂಡ ಇಲ್ಲ. ಮಗಳಿಗೆ ಫೆಬ್ರವರಿಯಲ್ಲಿ ಮೂರು ತುಂಬುತ್ತದೆ ಅಂದಿದ್ದೀ. ಆ ಪುಕ್ಕಟೆಯ 15 ಗಂಟೆ ಹುಟ್ಟುಹಬ್ಬದ ಮರುದಿನ ಸಿಗುವುದಲ್ಲ, ಮುಂದಿನ ಟರ್ಮ್‌ನಿಂದ, ಅಂದರೆ ಏಪ್ರಿಲ್‌ನಿಂದ. ಅಲ್ಲಿಯವರೆಗೆ ನೀನು ಏನೂ ಮಾರಬೇಡ ಅನ್ನುವುದು ನನ್ನ ಅಭಿಪ್ರಾಯ. ಚಳಿ, ಸಂಜೆ ನಾಲ್ಕಕ್ಕೇ ಕತ್ತಲೆ, ಮಗುವಿಗೆ ಹೊಸ ಊರು. ಅದೇ ಸಾಕು. ಲೈಬ್ರರಿಯಲ್ಲಿ ಸಣ್ಣ ಮಕ್ಕಳಿಗೆ ಹಾಡು ಹೇಳಿಕೊಡುತ್ತಾರೆ, ಪುಕ್ಕಟೆ. ಅಲ್ಲಿಗೆ ಹೋಗು, ನಾಲ್ಕು ಜನ ಅಮ್ಮಂದಿರ ಪರಿಚಯ ಮಾಡಿಕೋ. ಮೊದಲ ದಿನವೇ ಪುಡಿಯ ಪೊಟ್ಟಣ ಹಿಡಿದು ಹೋಗಬೇಡ.

ಗೆಳತಿಯ ಮನೆಯಲ್ಲಿ ದುಡ್ಡು ಕೊಟ್ಟು ಬಿಡುವ ಯೋಚನೆಯೂ ಬೇಡ. ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ಹಾಗೆ ನೋಡಿಕೊಳ್ಳಲು ಅವರು ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಒಳ್ಳೆಯದಕ್ಕೆ ಹೋಗಿ ಅವರಿಗೆ ತೊಂದರೆ.

ಈಗ ಅಷ್ಟಮಿ ವಿಷಯ. ನರ್ಸರಿಯ ಆ 38 ವಾರದಲ್ಲಿ ಸಾಮಾನ್ಯವಾಗಿ ಆಗಸ್ಟ್ ಬರುವುದಿಲ್ಲ. ಜುಲೈ ಕೊನೆಯಿಂದ ಸೆಪ್ಟೆಂಬರ್ ಶುರುವಿನವರೆಗೆ ಶಾಲೆಗಳಿಗೂ ರಜೆ. ನಮ್ಮವರಿಂದ ಆರ್ಡರ್ ಬಂದು ಬೀಳುವುದು ಸರಿಯಾಗಿ ಆಗಲೇ. ಅಷ್ಟಮಿಗೆ ಉಂಡೆ, ಚಕ್ಕುಲಿ, ಅದರ ಬೆನ್ನಿಗೇ ಚೌತಿ. 'ಊರಿನ ರುಚಿ ನಿಮ್ಮ ಕೈಯಲ್ಲೇ ಅಕ್ಕ' ಅಂತ ಹೊಗಳುತ್ತಾರೆ, ಬೆಲೆ ಮಾತ್ರ ಊರಿನದ್ದೇ ಕೇಳುತ್ತಾರೆ. ನಾನು ಈಗ ಆಗಸ್ಟ್‌ನಲ್ಲಿ ಆರ್ಡರ್ ತೆಗೆದುಕೊಳ್ಳುವುದೇ ಇಲ್ಲ. ಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದುಬಿಡುತ್ತೇನೆ. ರಥಬೀದಿಯಲ್ಲಿ ಅಷ್ಟಮಿ ಮರುದಿನದ ವಿಟ್ಲಪಿಂಡಿ ಉತ್ಸವ ನೋಡುತ್ತೇವೆ, ಚಕ್ಕುಲಿ ಬೇರೆಯವರು ಮಾಡಿದ್ದನ್ನು ತಿನ್ನುತ್ತೇವೆ. ಗಿರಾಕಿಗಳು ಮುನಿಸಿಕೊಂಡರು, ದೀಪಾವಳಿಗೆ ಅವರೇ ಬಂದರು.

ಬೆಲೆ ಹೇಳುವಾಗ ನಿನ್ನ ಗಂಟೆಗೂ ಕೂಲಿ ಹಾಕು. ಹಾಕಿದ ಮೇಲೆ ಯಾರೂ ಕೊಳ್ಳದಷ್ಟು ದುಬಾರಿಯಾದರೆ ಆ ಸಾಮಾನನ್ನೇ ಕೈಬಿಡು. ನಾನು ಹಪ್ಪಳ ಬಿಟ್ಟದ್ದು ಹಾಗೆಯೇ.

ಹೊರಡುವ ಮೊದಲು ಅತ್ತೆಯ ಪಕ್ಕ ಕೂತು ಅವರ ಪಾವು, ಮುಷ್ಟಿ ಎಲ್ಲವನ್ನೂ ತಕ್ಕಡಿಯಲ್ಲಿಟ್ಟು ಗ್ರಾಂನಲ್ಲಿ ಬರೆದುಕೋ. ಪ್ರತಿ ಸಲ ಒಂದೇ ರುಚಿ ಬರಬೇಕು ಅಲ್ವಾ. ತುಪ್ಪ ಕಟ್ಟಬೇಡ, ಹಾಲಿನ ಸಾಮಾನು ಯಾವುದನ್ನೂ ಇಲ್ಲಿಂದ ಒಳಗೆ ಬಿಡುವುದಿಲ್ಲ. ಬ್ಯಾಡಗಿ ಮೆಣಸನ್ನು ಮಾರಾಟಕ್ಕೆ ಅಂತ ಸೂಟ್‌ಕೇಸಿನಲ್ಲಿ ತರಬೇಡ, ಅಲ್ಲೇ ಬಿಲ್ ಕೊಡುವ ಅಂಗಡಿಯಿಂದ ತೆಗೆದುಕೋ. ಸಾಮಾನು ಎಲ್ಲಿಂದ ಬಂತು ಅಂತ ತೋರಿಸಲು ಬಿಲ್ ಬೇಕಾಗುತ್ತದೆ.

ಅಲ್ಲಿ ಬಾಡಿಗೆ ಮನೆ ಗೊತ್ತಾಗಿದೆಯಾ? ಮನೆಯಲ್ಲಿ ವ್ಯಾಪಾರ ಮಾಡಬಾರದು ಅಂತ ಎಷ್ಟೋ ಅಗ್ರಿಮೆಂಟ್‌ಗಳಲ್ಲಿ ಒಂದು ಸಾಲು ಇರುತ್ತದೆ, ಮೊದಲೇ ಮಾಲೀಕರ ಒಪ್ಪಿಗೆ ಬರವಣಿಗೆಯಲ್ಲಿ ಕೇಳಬೇಕು. ಸಹಿ ಹಾಕುವ ಮೊದಲು ನನಗೊಮ್ಮೆ ತೋರಿಸು. ಮುಂದಿನ ವಾರ ಮಂಗಳೂರಿಗೆ ಬರುವುದಿದೆ, ನಿನ್ನ ಅತ್ತೆಯವರು ಮನೆಯಲ್ಲಿರುವ ಹೊತ್ತು ಹೇಳಿದರೆ ಬರುತ್ತೇನೆ.