ಊರಿನ ಬಗ್ಗೆ ವಿಕಿಪೀಡಿಯದಲ್ಲಿ ಬರೆದರೆ ತೆಗೆಯುತ್ತಾರೆ, ನಿಯಮ ಕಲಿಯೋದು ಹೇಗೆ?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಬದಿಯಡ್ಕ ಹತ್ತಿರದ ನಿಮ್ಮೂರ ದೇವಸ್ಥಾನದ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಕೆಲವು ಪ್ಯಾರಾ ಸೇರಿಸಿದಿರಿ. ಯಾರೋ ತೆಗೆದರು. ನೀವು ಮತ್ತೆ ಹಾಕಿದಿರಿ, ಅವರು ಮತ್ತೆ ತೆಗೆದರು. ಈಗ ನಿಮ್ಮ ಚರ್ಚೆ ಪುಟದಲ್ಲಿ, ಅಂದರೆ ಬೇರೆ ಸಂಪಾದಕರು ನಿಮಗೆ ಸಂದೇಶ ಬರೆಯುವ ಪುಟದಲ್ಲಿ, ಒಂದು ಎಚ್ಚರಿಕೆ ಬಂದು ಕೂತಿದೆ. ‘ಇದರ ನಿಯಮ ಕಲಿಸುವವರು ಯಾರಾದರೂ ಇದ್ದಾರಾ, ಇಲ್ಲ ಕಾಸರಗೋಡಿನವರು ಬರೆಯಲೇಬಾರದಾ’ ಅಂತ ಬೇಸರದಿಂದ ಕೇಳಿದ್ದೀರಿ.

ಬರೆಯಲೇಬೇಕು. ನಾನೂ ಕುಂಬಳೆ ಕಡೆಯವನು, ಕೆಲವು ವರ್ಷಗಳಿಂದ ಅಲ್ಲಿ ಬರೆಯುತ್ತಿದ್ದೇನೆ. ನಮ್ಮ ಊರುಗಳ ಬಗ್ಗೆ ಕನ್ನಡದಲ್ಲಿ ಬರೆಯಲು ನಮ್ಮನ್ನು ಬಿಟ್ಟರೆ ಯಾರೂ ಬರುವುದಿಲ್ಲ. ಹಾಗಾಗಿ ನೀವು ಬಿಟ್ಟುಹೋಗಬಾರದು ಅನ್ನೋ ಆಸೆಯಿಂದಲೇ ಉದ್ದ ಬರೆಯುತ್ತಿದ್ದೇನೆ.

ಮೊದಲು ಒಂದು ಸಮಾಧಾನದ ಮಾತು. ನೀವು ಬರೆದದ್ದು ಎಲ್ಲೂ ಹೋಗಿಲ್ಲ. ಪುಟದ ಮೇಲ್ಗಡೆ ‘ಇತಿಹಾಸ’ ಅಂತ ಇದೆಯಲ್ಲ, ಅದನ್ನು ಒತ್ತಿ. ಯಾರು, ಯಾವಾಗ, ಏನು ಬದಲಾಯಿಸಿದರು ಎಲ್ಲ ಸಾಲಾಗಿ ಸಿಗುತ್ತದೆ. ನಿಮ್ಮ ಪ್ಯಾರಾಗಳು ಹಳೆಯ ಆವೃತ್ತಿಯಲ್ಲಿ ಹಾಗೇ ಇರುತ್ತವೆ. ತೆಗೆದವರು ಪಕ್ಕದಲ್ಲಿ ಒಂದು ಸಾಲು ಕಾರಣ ಬರೆದಿರುತ್ತಾರೆ, ಅದಕ್ಕೆ ‘ಸಾರಾಂಶ’ ಅನ್ನುತ್ತಾರೆ. ಹೊಸಬರು ಹೆಚ್ಚಾಗಿ ಇದನ್ನು ನೋಡದೆ ಸಿಟ್ಟಿನಲ್ಲಿ ಮತ್ತೆ ಹಾಕಿಬಿಡುತ್ತಾರೆ. ನಿಮ್ಮ ಪುಟದ ಇತಿಹಾಸ ನಾನು ನೋಡಿದೆ, ಕಾರಣ ಸ್ಪಷ್ಟವಾಗಿಯೇ ಇದೆ: ಒಂದು, ಆಧಾರ ಕೊಟ್ಟಿಲ್ಲ, ಎರಡು, ಬೇರೆ ಕಡೆಯಿಂದ ನಕಲು ಮಾಡಿದಂತಿದೆ.

ಆಧಾರ ಅನ್ನುವುದೇ ಅಲ್ಲಿನ ಮುಖ್ಯ ವಿಷಯ, ಉಳಿದ ನಿಯಮಗಳೆಲ್ಲ ಹೆಚ್ಚುಕಡಿಮೆ ಅದರಿಂದಲೇ ಹುಟ್ಟಿಕೊಂಡಿವೆ. ನಿಮಗೆ ಗೊತ್ತಿರುವುದು ನಿಜವೇ ಇರಬಹುದು. ಆದರೆ ಓದುವವನು ಬೀದರಿನಲ್ಲೋ ಬಳ್ಳಾರಿಯಲ್ಲೋ ಇರುತ್ತಾನೆ, ಅವನಿಗೆ ನೀವು ಯಾರೂಂತ ಗೊತ್ತಿಲ್ಲ. ‘ಇದು ಇಂಥ ಪುಸ್ತಕದ ಇಂಥ ಪುಟದಲ್ಲಿದೆ’ ಅಂತ ತೋರಿಸಿದರೆ ಅವನು ಹೋಗಿ ನೋಡಬಹುದು. ನಿಮ್ಮ ಅಜ್ಜ ಹೇಳಿದ್ದು ಅಂದರೆ ನೋಡಲು ದಾರಿ ಇಲ್ಲ. ಸ್ವಂತ ಸಂಶೋಧನೆಗೂ ಅಲ್ಲಿ ಜಾಗವಿಲ್ಲ. ಅದನ್ನು ಮೊದಲು ಬೇರೆ ಕಡೆ ಪ್ರಕಟಿಸಿ, ಆಮೇಲೆ ಯಾರಾದರೂ ಅದನ್ನು ಆಧಾರವಾಗಿ ಬಳಸಲಿ ಅನ್ನುವುದು ಕ್ರಮ.

ನೀವು ಬರೆದ ಧಾಟಿ ನೋಡಿದರೆ ಅದು ಬ್ರಹ್ಮಕಲಶೋತ್ಸವದ (ದೇವಸ್ಥಾನದ ಜೀರ್ಣೋದ್ಧಾರದ ಮೇಲೆ ನಡೆಯುವ ಉತ್ಸವ) ಸ್ಮರಣ ಸಂಚಿಕೆಯಿಂದ ಬಂದದ್ದು ಅನಿಸುತ್ತದೆ. ನಮ್ಮ ಕಡೆ ಊರಿನ ಚರಿತ್ರೆ ಅಂತ ಅಚ್ಚಾಗಿರುವುದು ಎಷ್ಟೋ ಸಲ ಅದೊಂದೇ. ಅದನ್ನು ಬಳಸಲೇಬಾರದು ಅಂತಲ್ಲ, ಎಷ್ಟಕ್ಕೆ ಬಳಸಬಹುದು ಅನ್ನುವುದು ತಿಳಿದಿರಬೇಕು. ಜೀರ್ಣೋದ್ಧಾರ ಯಾವ ವರ್ಷ ಆಯಿತು, ಜಾತ್ರೆ ಯಾವ ತಿಂಗಳಲ್ಲಿ, ಉಪದೇವತೆಗಳು ಯಾರು, ಇಂಥದ್ದಕ್ಕೆ ಅದು ಸಾಕು. ‘ಸಾವಿರಾರು ವರ್ಷಗಳ ಇತಿಹಾಸವಿರುವ’ ಅನ್ನುವುದಕ್ಕೆ ಸಾಲದು. ಅದಕ್ಕೆ ಶಾಸನವೋ, ಇತಿಹಾಸಕಾರರು ಬರೆದ ಪುಸ್ತಕವೋ ಬೇಕು. ‘ಭಕ್ತರ ಇಷ್ಟಾರ್ಥ ಕರುಣಿಸುವ ಕಾರಣಿಕದ ಕ್ಷೇತ್ರ’ ಅನ್ನುವ ಸಾಲು ಸಂಚಿಕೆಯಲ್ಲಿ ಚೆನ್ನಾಗಿಯೇ ಇರುತ್ತದೆ, ವಿಶ್ವಕೋಶದಲ್ಲಿ ನಿಲ್ಲುವುದಿಲ್ಲ. ಸಂಚಿಕೆಯ ವಾಕ್ಯಗಳನ್ನು ಹಾಗೇ ಟೈಪ್ ಮಾಡಿ ಹಾಕುವುದಂತೂ ಕೂಡದು. ಅದು ಬರೆದವರ ಹಕ್ಕು. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಆ ಹಕ್ಕು ಇರುತ್ತದೆ. ಪಂಚಾಯತ್‌ನ ವೆಬ್‌ಸೈಟಿನಿಂದ ನಕಲು ಮಾಡಿದರೂ ಇದೇ ಮಾತು. ಓದಿ, ಮುಚ್ಚಿಟ್ಟು, ನಿಮ್ಮ ಮಾತಿನಲ್ಲಿ ಬರೆಯಿರಿ, ಕೊನೆಗೆ ಸಂಚಿಕೆಯ ಹೆಸರು, ವರ್ಷ, ಪುಟ ಸಂಖ್ಯೆ ಕೊಡಿ.

ಆಧಾರ ಇಂಟರ್‌ನೆಟ್‌ನಲ್ಲೇ ಇರಬೇಕು ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗೇನಿಲ್ಲ, ಲೈಬ್ರರಿಯ ಪುಸ್ತಕವೂ ಆಗುತ್ತದೆ. ಕನ್ನಡದಲ್ಲೇ ಇರಬೇಕಾಗಿಯೂ ಇಲ್ಲ. ಇಲ್ಲಿ ನಮಗೊಂದು ದೊಡ್ಡ ಅನುಕೂಲ ಇದೆ, ಯೋಚನೆ ಮಾಡಿ. ನೀವು ಮಲಯಾಳಂ ಓದುತ್ತೀರಿ ಅಲ್ವಾ? ನಮ್ಮ ಜಿಲ್ಲೆಯ ಬಗ್ಗೆ ಮಲಯಾಳಂ ಪತ್ರಿಕೆಗಳಲ್ಲಿ, ಕೇರಳ ಸರಕಾರದ ಪ್ರಕಟಣೆಗಳಲ್ಲಿ ಬೇಕಾದಷ್ಟು ಬಂದಿದೆ. ಬೆಂಗಳೂರಿನ ಸಂಪಾದಕರಿಗೆ ಅದನ್ನು ಓದಲು ಆಗುವುದಿಲ್ಲ, ನಿಮಗೆ ಆಗುತ್ತದೆ. ಹಳೆಯ ಕಾಲಕ್ಕಾದರೆ, 1956ರ ತನಕ ನಾವು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವರು. 1894ರಲ್ಲಿ ಬಂದ ಸ್ಟರಾಕ್ ಅವರ ಸೌತ್ ಕೆನರಾ ಮ್ಯಾನುವಲ್‌ನಲ್ಲಿ ಕಾಸರಗೋಡು ತಾಲೂಕಿನ ವಿಷಯವೂ ಇದೆ. ಅದು ಹಕ್ಕುಸ್ವಾಮ್ಯದ ಅವಧಿ ಮುಗಿದ ಪುಸ್ತಕ.

ನಂಬಿಕೆಯ ವಿಷಯ ಬರೆಯುವುದು ಹೇಗೆ ಅಂತಲೂ ಕೇಳಿದ್ದೀರಿ. ಇದಕ್ಕೆ ನಮ್ಮ ಕುಂಬಳೆ ಹತ್ತಿರದ ಅನಂತಪುರದ ಕೆರೆ ದೇವಸ್ಥಾನವೇ ಒಳ್ಳೆಯ ಉದಾಹರಣೆ. ಅಲ್ಲಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡಿತು. ಇದು ಘಟನೆ, ಎಲ್ಲ ಪತ್ರಿಕೆಗಳಲ್ಲೂ ಬಂದಿದೆ, ನೇರವಾಗಿ ಬರೆಯಬಹುದು. ‘ಬಬಿಯಾ ನೈವೇದ್ಯದ ಅನ್ನ ಮಾತ್ರ ತಿನ್ನುತ್ತಿತ್ತು, ಮೀನನ್ನೂ ಮುಟ್ಟುತ್ತಿರಲಿಲ್ಲ’ ಅನ್ನುವುದು ದೇವಸ್ಥಾನದವರ ಮಾತು. ಅದನ್ನು ಬಿಟ್ಟುಬಿಡಬೇಕಾಗಿಲ್ಲ, ‘ದೇವಸ್ಥಾನದವರ ಪ್ರಕಾರ’ ಅಂತ ಸೇರಿಸಿ ಬರೆದರಾಯಿತು. ಬ್ರಿಟಿಷ್ ಸೈನಿಕನೊಬ್ಬ ಹಿಂದಿನ ಮೊಸಳೆಯನ್ನು ಗುಂಡಿಟ್ಟು ಕೊಂದ, ಆಮೇಲೆ ಇನ್ನೊಂದು ತಾನಾಗಿ ಬಂತು ಅನ್ನುವ ಕಥೆಗೂ ಹಾಗೇ. ಯಾರು ಹೇಳುತ್ತಾರೆ ಅನ್ನುವುದನ್ನು ವಾಕ್ಯದ ಒಳಗೇ ಇಟ್ಟರೆ ನಂಬುವವರಿಗೂ ನೋವಿಲ್ಲ, ನಂಬದವರಿಗೂ ತಕರಾರಿಲ್ಲ. ಬೇಕಲ ಕೋಟೆಯನ್ನು ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಅಂತ ಸಾಮಾನ್ಯವಾಗಿ ಬರೆಯುತ್ತಾರೆ, ಅದಕ್ಕಿಂತ ಮೊದಲೇ ಉತ್ತರ ಮಲಬಾರಿನ ಕೋಲತ್ತಿರಿ ಅರಸರ ಕಾಲದಲ್ಲಿ ಅಲ್ಲಿ ಕೋಟೆ ಇತ್ತು ಅನ್ನುವವರೂ ಇದ್ದಾರೆ. ಆಗ ಎರಡನ್ನೂ ಬರೆದು ಎರಡಕ್ಕೂ ಆಧಾರ ಕೊಡಬೇಕು. ತೀರ್ಪು ಕೊಡುವ ಕೆಲಸ ನಮ್ಮದಲ್ಲ.

ಇನ್ನು ನಮ್ಮವರಿಗೆ ತುಂಬಾ ಕಷ್ಟವಾಗುವ ಜಾಗ, ಗಡಿ. ರಾಜ್ಯಗಳ ಗಡಿ ವಿವಾದ ನೋಡಲು ಕೇಂದ್ರ ಸರಕಾರ ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ, 1956ರಲ್ಲಿ ಕೇರಳಕ್ಕೆ ಹೋಗಿದ್ದ ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈ ಅವರು ಇದಕ್ಕಾಗಿ ಕೊನೆಯವರೆಗೂ ದನಿ ಎತ್ತಿದರು. ಇದೆಲ್ಲ ದಾಖಲೆಯಲ್ಲಿರುವ ವಿಷಯ, ಧೈರ್ಯವಾಗಿ ಬರೆಯಿರಿ. ಆದರೆ ‘ಕಾಸರಗೋಡಿಗೆ ಘೋರ ಅನ್ಯಾಯವಾಯಿತು’ ಅಂತ ವಿಕಿಪೀಡಿಯವೇ ಹೇಳುವ ಹಾಗೆ ಬರೆಯಬಾರದು. ನನಗೂ ಹಾಗೇ ಅನಿಸುತ್ತದೆ, ನಿಮಗೂ ಅನಿಸಬಹುದು. ಯಾರು ಹಾಗೆ ಅಂದರು, ಎಲ್ಲಿ ಅಂದರು ಅಂತ ಬರೆದರೆ ಅದು ಪುಟದಲ್ಲಿ ಉಳಿಯುತ್ತದೆ. ನಮ್ಮ ಸಿಟ್ಟು ಬರೆದರೆ ಸಂಜೆಯೊಳಗೆ ಹೋಗುತ್ತದೆ, ಜೊತೆಗೆ ಒಳ್ಳೆಯ ಮಾಹಿತಿಯೂ ಹೋಗುತ್ತದೆ. ಊರಿನ ಹೆಸರುಗಳಿಗೂ ಇದೇ ಮಾತು. ಕನ್ನಡ ಪುಟದಲ್ಲಿ ಮಂಜೇಶ್ವರ, ಕುಂಬಳೆ, ಹೊಸದುರ್ಗ ಅಂತ ನಮ್ಮ ರೂಪವನ್ನೇ ಬಳಸಿ, ಮೊದಲ ಸಾಲಿನಲ್ಲಿ ಮಲಯಾಳಂ ರೂಪವನ್ನೂ ಕೊಡಿ. ಅದಕ್ಕಾಗಿ ಇಂಗ್ಲಿಷ್ ವಿಕಿಪೀಡಿಯಕ್ಕೆ ಹೋಗಿ ಮಲಯಾಳಿ ಸಂಪಾದಕರ ಜೊತೆ ಜಗಳಕ್ಕೆ ನಿಲ್ಲಬೇಡಿ. ಪ್ರತಿ ಭಾಷೆಯ ವಿಕಿಪೀಡಿಯಕ್ಕೂ ಅದರದೇ ಸಮುದಾಯ, ಅದರದೇ ತೀರ್ಮಾನ ಇರುತ್ತದೆ. ತುಳುವಿನದ್ದೂ 2016ರಿಂದ ಬೇರೆಯೇ ಇದೆ, ನಿಮಗೆ ತುಳು ಬರುವುದಾದರೆ ಅಲ್ಲಿಯೂ ಜನ ಬೇಕು.

ಮನೆಯವರ ಬಗ್ಗೆ, ನಾವೇ ಪದಾಧಿಕಾರಿಯಾಗಿರುವ ಸಂಘದ ಬಗ್ಗೆ ಪುಟ ಮಾಡಬೇಡಿ. ನಮ್ಮ ಕಡೆ ಯಕ್ಷಗಾನ ಕಲಾವಿದರಿಲ್ಲದ ಕುಟುಂಬ ಕಡಿಮೆ, ಮಾವನ ಮೇಲೊಂದು ಪುಟ ಇರಲಿ ಅನ್ನುವ ಆಸೆ ಸಹಜ. ಆದರೆ ಸಂಬಂಧವಿಲ್ಲದವರು ಅವರ ಬಗ್ಗೆ ವಿವರವಾಗಿ ಬರೆದಿರಬೇಕು. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಬಗ್ಗೆ ಆಧಾರ ಹುಡುಕಬೇಕಾಗಿಲ್ಲ, ಅವರ ಹೆಸರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳು 1973ರ ಏಪ್ರಿಲ್ 24ರಂದು ಕೊಟ್ಟ ತೀರ್ಪನ್ನು ಕಾನೂನು ಓದುವವರೆಲ್ಲ ಓದುತ್ತಾರೆ. ಮಾವನ ಬಗ್ಗೆ ಪತ್ರಿಕೆಯಲ್ಲಿ ಎರಡು ಲೇಖನ ಬಂದಿದ್ದರೆ ಚರ್ಚೆ ಪುಟದಲ್ಲಿ ಹೇಳಿ, ಬೇರೆಯವರು ನೋಡಿ ಬರೆಯಲಿ. ಬದುಕಿರುವವರ ಬಗ್ಗೆ ಆಧಾರವಿಲ್ಲದ ಒಂದು ಸಾಲು ಕೂಡ ಹಾಕಬಾರದು.

ನಡವಳಿಕೆಯ ವಿಷಯ. ತೆಗೆದದ್ದನ್ನು ಹಾಕುವುದು, ಅವರು ತೆಗೆಯುವುದು, ಇದಕ್ಕೆ ಸಂಪಾದನಾ ಯುದ್ಧ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರು ಸಲಕ್ಕಿಂತ ಜಾಸ್ತಿ ರದ್ದು ಮಾಡಿದರೆ ತಡೆ ಹಾಕಬಹುದು. ಕನ್ನಡದಲ್ಲಿ ಲೆಕ್ಕ ನೋಡುತ್ತಾ ಕೂರಬೇಡಿ, ಒಂದು ಸಲ ತೆಗೆದ ಕೂಡಲೇ ಚರ್ಚೆ ಪುಟಕ್ಕೆ ಹೋಗಿ. ಎದುರಿನವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆ ಅಂತ ಮೊದಲು ನಂಬಬೇಕು ಅನ್ನುವುದು ಅಲ್ಲಿನ ಲಿಖಿತ ನಿಯಮ. ಹೊಸಬರ ಮೇಲೆ ಹಳಬರು ಹರಿಹಾಯಬಾರದು ಅನ್ನುವುದೂ ನಿಯಮವೇ, ಎಲ್ಲರೂ ಪಾಲಿಸುವುದಿಲ್ಲ ಅನ್ನುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ. ಸಿದ್ಧ ಎಚ್ಚರಿಕೆಯ ಬದಲು ಎರಡು ಸಾಲು ಕೈಯಾರೆ ಬರೆದಿದ್ದರೆ ನೀವು ಇಷ್ಟು ನೊಂದುಕೊಳ್ಳುತ್ತಿರಲಿಲ್ಲ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ, ಈಗಲೂ ದಿನಾ ಕಾವಲು ಕಾಯುವವರು ಬೆರಳೆಣಿಕೆಯಷ್ಟು. ಎಲ್ಲರೂ ಸಂಬಳವಿಲ್ಲದೆ ರಾತ್ರಿ ಊಟದ ಮೇಲೆ ಕೂತು ಮಾಡುವವರು.

ವಾಟ್ಸಾಪ್ ಗ್ರೂಪಿನಲ್ಲಿ ‘ಎಲ್ಲರೂ ಬಂದು ನಮ್ಮ ಪರ ಬರೆಯಿರಿ’ ಅಂತ ಮಾತ್ರ ಹಾಕಬೇಡಿ. ಬೇರೆ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆದು ನಿಮಗೆ ನೀವೇ ಬೆಂಬಲ ಕೊಡುವುದೂ ಬೇಡ. ಎರಡೂ ಸಿಕ್ಕಿಬೀಳುತ್ತವೆ, ಆಮೇಲೆ ನಿಮ್ಮ ಒಳ್ಳೆಯ ಕೆಲಸವನ್ನೂ ಯಾರೂ ನಂಬುವುದಿಲ್ಲ.

ಕಲಿಸುವ ಶಾಲೆ ಅಂತ ಬೇರೆ ಇಲ್ಲ. ನಿಯಮದ ಪುಟಗಳನ್ನೆಲ್ಲ ಓದಲು ಹೊರಟರೆ ತಿಂಗಳೇ ಬೇಕು. ವಿಕಿಪೀಡಿಯದ ಐದು ಮೂಲ ತತ್ವಗಳನ್ನು ಹೇಳುವ ‘ಪಂಚ ಸ್ತಂಭ’ದ ಒಂದು ಪುಟ ಓದಿ ಸಾಕು. ಆಮೇಲೆ ಬೇರೆಯವರ ಪುಟಗಳಲ್ಲಿ ಕಾಗುಣಿತ ತಿದ್ದಿ, ಆಧಾರವಿಲ್ಲದ ಸಾಲಿಗೆ ಆಧಾರ ಹುಡುಕಿ ಕೊಡಿ, ಪ್ರತಿ ಸಲ ಸಾರಾಂಶ ಬರೆಯಿರಿ. ದೊಡ್ಡ ಬರವಣಿಗೆಯನ್ನು ನಿಮ್ಮ ಪ್ರಯೋಗಪುಟದಲ್ಲಿ, ಅಂದರೆ ಕರಡು ಬರೆದು ನೋಡಲು ನಿಮ್ಮ ಖಾತೆಯಲ್ಲಿರುವ ಪುಟದಲ್ಲಿ, ತಯಾರು ಮಾಡಿ. ಸಂಶಯ ಬಂದರೆ ‘ಅರಳಿ ಕಟ್ಟೆ’ ಅನ್ನುವ ಪುಟದಲ್ಲಿ ಕೇಳಿ, ಅದು ಎಲ್ಲರೂ ಸೇರುವ ಜಾಗ.

ನಿಮ್ಮ ದೇವಸ್ಥಾನದ ಪುಟಕ್ಕೆ ಈಗ ಹೀಗೆ ಮಾಡಿ. ಅದರ ಚರ್ಚೆ ಪುಟ ತೆರೆದು ಇಷ್ಟು ಬರೆಯಿರಿ: ‘ನಮಸ್ಕಾರ. ನಾನು ಹೊಸಬ, ಈ ಊರಿನವನು. ನಾನು ಸೇರಿಸಿದ್ದಕ್ಕೆ ಆಧಾರ ಕೊಟ್ಟಿರಲಿಲ್ಲ. ಜೀರ್ಣೋದ್ಧಾರ ಮತ್ತು ಜಾತ್ರೆಯ ಭಾಗವನ್ನು ನನ್ನ ಮಾತಿನಲ್ಲಿ ಬರೆದು, ಸಂಚಿಕೆಯ ಪುಟ ಸಂಖ್ಯೆ ಸಮೇತ ಪ್ರಯೋಗಪುಟದಲ್ಲಿ ಇಟ್ಟಿದ್ದೇನೆ. ನೋಡಿ ಹೇಳಿ.’ ಕೊನೆಗೆ ನಾಲ್ಕು ಟಿಲ್ಡೆ ಚಿಹ್ನೆ (~~~~) ಹಾಕಿದರೆ ನಿಮ್ಮ ಹೆಸರು, ಸಮಯ ತಾನಾಗಿ ಬರುತ್ತದೆ. ತೆಗೆದವರ ಚರ್ಚೆ ಪುಟದಲ್ಲೂ ಒಂದು ಸಾಲು ತಿಳಿಸಿ. ಒಂದು ವಾರ ಬಿಡಿ. ಉತ್ತರ ಬಂದರೆ ಅದರಂತೆ ತಿದ್ದಿ, ಬಾರದಿದ್ದರೆ ಅರಳಿ ಕಟ್ಟೆಯಲ್ಲಿ ಒಮ್ಮೆ ನೆನಪಿಸಿ ಸೇರಿಸಿ. ಪ್ರಯೋಗಪುಟದ ಕೊಂಡಿಯನ್ನು ಇಲ್ಲಿ ಕೆಳಗೆ ಹಾಕಿದರೆ ನಾನೂ ಓದಿ ಹೇಳುತ್ತೇನೆ.