ಬಾತ್‌ರೂಮ್ ರಿಪೇರಿ ಕೈಯಲ್ಲಿರುವ ದುಡ್ಡಿನಲ್ಲೇ ಮುಗಿಯಬೇಕೆಂದರೆ ಏನು ಮಾಡಬೇಕು?

ಹಳೇ ಬಾತ್‌ರೂಮನ್ನು ಹೊಸದಾಗಿ ಮಾಡಿಸಬೇಕು, ಖರ್ಚು ಕೈಮೀರಬಾರದು ಅಂತ ಕೇಳಿದ್ದೀರಿ. ಇರುವ ದುಡ್ಡಿನಲ್ಲಿ ಐದರಲ್ಲೊಂದು ಪಾಲು ಈಗಲೇ ಎತ್ತಿಡಿ. ಉಳಿದ ನಾಲ್ಕು ಪಾಲಿಗೆ ಮಾತ್ರ ಪ್ಲ್ಯಾನ್ ಮಾಡಿ.

ನಾನು ಹಾಗೆ ಮಾಡಲಿಲ್ಲ. ಟೈಲ್ಸ್, ಕಮೋಡು, ನಲ್ಲಿ, ಕೂಲಿ ಅಂತ ಎಲ್ಲವನ್ನೂ ಕೂಡಿಸಿ ಬರೆದಿಟ್ಟಿದ್ದೆ. ಎರಡನೇ ದಿನ ಗೋಡೆಯ ಟೈಲ್ಸ್ ಕಿತ್ತರು. ಒಳಗಿನ ಕಬ್ಬಿಣದ ಪೈಪಿಗೆ ಪ್ಲಂಬರ್ ಸ್ಕ್ರೂಡ್ರೈವರ್ ತಾಗಿಸಿದರೆ ತುಕ್ಕು ಪದರಪದರವಾಗಿ ಉದುರಿತು. ಅದರ ಮೇಲೆ ಹೊಸ ಟೈಲ್ಸ್ ಹಾಕೋಕಾಗುತ್ತಾ? ಪೂರ್ತಿ ಲೈನೇ ಬದಲಾಯಿತು.

ಆದರೆ ಪೈಪಿಗಿಂತ ಜಾಸ್ತಿ ದುಡ್ಡು ತಿಂದದ್ದು ನನ್ನ ಬಾಯಿ. 'ಹೇಗೂ ಗೋಡೆ ಒಡೆದಿದ್ದೀರಲ್ಲ, ಇಲ್ಲೊಂದು ಗೂಡು ಮಾಡಿಬಿಡಿ. ಹೇಗೂ ವೈರ್ ಎಳೀತಿದ್ದೀರಲ್ಲ, ಅಲ್ಲೊಂದು ಪಾಯಿಂಟ್ ಕೊಟ್ಟುಬಿಡಿ.' ಒಂದೊಂದೂ ಚಿಕ್ಕದೇ ಅಲ್ವಾ! ಕೆಲಸದ ನಡುವೆ ಹೊಳೆದದ್ದನ್ನು ಚೀಟಿಯಲ್ಲಿ ಬರೆದಿಡಿ. ಎಷ್ಟಾಗುತ್ತೆ ಕೇಳಿ, ಒಂದು ರಾತ್ರಿ ಕಳೆದ ಮೇಲೆ ಹ್ಞೂಂ ಅನ್ನಿ.

'ಒಟ್ಟು ಇಷ್ಟಾಗುತ್ತೆ' ಅನ್ನುವ ಒಂದು ಸಾಲಿನ ಕೊಟೇಶನ್ ಒಪ್ಪಬೇಡಿ. ಒಡೆಯುವ ಕೂಲಿ, ವಾಟರ್‌ಪ್ರೂಫಿಂಗ್, ಒಡೆದ ಕಸ ಸಾಗಿಸುವುದು ಎಲ್ಲ ಬೇರೆಬೇರೆಯಾಗಿ ಬರೆಸಿ. ಈ ಕಸದ ಲೆಕ್ಕ ಯಾರಿಗೂ ನೆನಪಾಗಲ್ಲ. ಅಷ್ಟು ಚಿಕ್ಕ ಕೋಣೆಯಿಂದ ಅಷ್ಟೊಂದು ಮೂಟೆ ಹೊರಟದ್ದು ನೋಡಿ ನಾನೇ ದಂಗಾದೆ.

ಟೈಲ್ಸ್ ಅಳತೆಗಿಂತ ಶೇ. 10 ಜಾಸ್ತಿ ತನ್ನಿ, ಓರೆಯಾಗಿ ಕೂರಿಸುವುದಾದರೆ ಶೇ. 15. ಎಲ್ಲ ಡಬ್ಬಗಳ ಮೇಲೂ ಒಂದೇ ಬ್ಯಾಚ್ ನಂಬರ್ ಇದೆಯಾ ನೋಡಿ. ನನಗೆ ನಾಲ್ಕು ಕಡಿಮೆ ಬಿದ್ದವು. ಆಮೇಲೆ ತಂದವು ಅದೇ ಡಿಸೈನ್, ಬಣ್ಣ ಮಾತ್ರ ಒಂಚೂರು ಹಳದಿ. ಈಗ ಬಾಗಿಲ ಹಿಂದೆ ಅಡಗಿವೆ.

ದುಡ್ಡು ಸಾಲದಿದ್ದರೆ ಅಗ್ಗದ ಟೈಲ್ಸ್ ಹಾಕಿಸಿ, ಕನ್ನಡಿ, ಕಪಾಟು ಮುಂದಿನ ವರ್ಷಕ್ಕಿಡಿ. ಪೈಪು, ವಾಟರ್‌ಪ್ರೂಫಿಂಗ್ ವಿಷಯದಲ್ಲಿ ಮಾತ್ರ ಜುಗ್ಗತನ ಬೇಡ. ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ ನೆಲದಲ್ಲಿ 24 ರಿಂದ 48 ಗಂಟೆ ನೀರು ನಿಲ್ಲಿಸಿ. ಎಲ್ಲೂ ಜಿನುಗದಿದ್ದರೆ ಮಾತ್ರ ಟೈಲ್ಸ್ ಕೂರಿಸಲಿ.

ಕೂಲಿ ದುಡ್ಡು ಕೆಲಸ ಆದಷ್ಟಕ್ಕೇ ಕೊಡುತ್ತಾ ಹೋಗಿ. ಕೊನೆಯ ಶೇ. 10 ನಿಮ್ಮ ಹತ್ತಿರವೇ ಇರಲಿ, ಇದನ್ನು ಶುರುವಿನಲ್ಲೇ ಮಾತಾಡಿಕೊಳ್ಳಿ. ಒಂದು ವಾರ ಸ್ನಾನ ಮಾಡಿ ನೋಡಿ, ಆಮೇಲೆ ಕೊಡಿ. ನಮ್ಮಲ್ಲಿ ಒಂದು ಮೂಲೆಯಲ್ಲಿ ನೀರು ನಿಲ್ಲುತ್ತಿತ್ತು. ಬಾಕಿ ಇತ್ತಲ್ಲ, ಮೇಸ್ತ್ರಿ ಮರುದಿನವೇ ಬಂದರು.